ಇದು ಯಾರ ಮಾತು?

ವ್ಯಯ ಸಂವತ್ಸರ, ಮಾರ್ಗಶಿರ ಶುದ್ಧ ಪಾಡ್ಯ. ಶಹಾಬಾದ. ಮಧ್ಯಾಹ್ನ

ಯಾರೇ ನೀನು, ನಾನು ದಿನಚರಿ ಬರೆಯುವ ವಹಿ ಬಿಚ್ಚಿಕೊಂಡು ಕೂತವಳು? ನಾಚಿಕೆ ಇಲ್ಲವೇ? ಹೋದ ಪುಟದ ಮೂಲೆಯಲ್ಲಿ ಅರಿಶಿನದ ಬೆರಳು ಮೂಡಿದೆ. ಗಂಡ ಹೋದಂದಿನಿಂದ ನಾನು ಅರಿಶಿನ ಮುಟ್ಟಿಲ್ಲ. ಮನೆಯಲ್ಲಿರುವ ಹೆಂಗಸರು ಇಬ್ಬರೇ. ಹೆಸರು ಬರೆಯುವುದಿಲ್ಲ, ಸೊಸೆಯ ಮರ್ಯಾದೆ ಉಳಿಯಲಿ. ಕದ್ದು ಓದುವವಳು ಕೈಯನ್ನಾದರೂ ತೊಳೆದುಕೊಂಡು ಓದಬೇಕು. ಅಕ್ಷರ ಸೊಟ್ಟಗಿದ್ದರೆ ನಗಬೇಡ. ಮುಧೋಳದ ಗಾಂವಠಿ ಶಾಲೆಯಲ್ಲಿ ಎರಡು ವರ್ಷ ಮರಳಿನ ಮೇಲೆ ತಿದ್ದಿದ್ದು, ಅಷ್ಟೇ ನನ್ನ ವಿದ್ಯೆ.

ಬೆಳಿಗ್ಗೆ ಬಾವಿ. ಈ ಕಡೆಯ ರಾಟೆ ನಮ್ಮದು, ಆ ಕಡೆಯದು ಪಕ್ಕದ ಮನೆಯ ಅಮೀರ್ಬೀಯದು. ಅವಳ ಹಗ್ಗದ ನೀರು ನನ್ನ ಮಡಿಗೆ ಸಿಡಿಯಿತು. ಬೈದೆ. ನಕ್ಕಳು. ಮೂವತ್ತು ವರ್ಷದಿಂದ ಹೀಗೇ.

ಅಷ್ಟರಲ್ಲಿ ಹಲಗೆಯ ಬಡಿತ. ಡಂಗುರ ಸಾರುವ ಹಾಜಿಮಲಂಗ್.

“ಕೇಳ್ರಪೋ ಕೇಳ್ರಿ! ಗನಿಸಾಬ ಕಮಿಟಿಗಿ ಆರಿಸಿ ಬಂದ್ರ ಬಾವಿ ನೀರಿಗಿ ಕೊಡಕ್ಕ ಒಂದು ಪೈಸಾ ಪಟ್ಟಿ! ಕೊಡಲಿಲ್ಲಂದ್ರ ಹಗ್ಗ ಜಪ್ತಿ!”

ಗನಿಸಾಬ ಅಮೀರ್ಬೀಯ ಮಗ. ನೆಲಕ್ಕೆ ಹಾಸುವ ಫರಸಿ ಕಲ್ಲು ಉಜ್ಜುವವ. ಊರ ಕಮಿಟಿಗೆ ನಮ್ಮ ಓಣಿಯಿಂದ ನಿಂತಿದ್ದಾನೆ. ಎದುರಿಗೆ ಕಲ್ಲಿನ ಖಣಿಯ ಸಾಹುಕಾರ ಅಂಬಾರಾಯ — ನನ್ನ ಮಗ ರಾಘವೇಂದ್ರ ಅವನ ಖಣಿಯಲ್ಲೇ ಗುಮಾಸ್ತ.

ನೀರಿಗೂ ತೆರಿಗೆಯೇ ಅಂತ ಬಾವಿಯ ಸುತ್ತ ಇದ್ದವರೆಲ್ಲ ಅಮೀರ್ಬೀಯ ಮುಖ ನೋಡಿದರು. ಒಬ್ಬಳು, “ಈಗೇ ತುಂಬ್ಕೋರೆವ್ವಾ, ನಾಳಿಗಿ ಇವರಪ್ಪನ ಬಾವಿ ಆಗ್ತದ” ಅಂದಳು. ಅಮೀರ್ಬೀ ಅರ್ಧ ಕೊಡ ಹೊತ್ತು ಹೋದಳು.

ಅದೇ ದಿನ, ದೀಪ ಹಚ್ಚಿದ ಮೇಲೆ

ಊಟಕ್ಕೆ ಕೂತಾಗ ಕೇಳಿದೆ. “ರಾಘೂ, ಪಟ್ಟಿ ಮಾತು ಖರೇನೇನೋ?”

“ಸುಳ್ಳವ್ವಾ. ಸಾಹುಕಾರರಿಗಿ ಬಾವಿ ಬಯಲು ಬೇಕಾಗ್ಯದ. ಕಲ್ಲು ಕೊಯ್ಯೋ ಗರಗಸ ಹಾಕ್ತಾರಂತ. ಕಮಿಟಿಯೊಳಗ ಕುಂತ್ರ ತಮ್ಮ ಹೆಸರಿಗಿ ಬರಕೊಳ್ಳೋದು ಸಲೀಸು. ನೀ ಎಲ್ಲೂ ಆಡಬ್ಯಾಡ. ನನ್ನ ನೌಕರಿ ಹೋಗ್ತದ.”

ಹೌದು, ಬಯಲಿಗೆ ಆಗಲೇ ಅವನ ಫರಸಿ ಬಂದು ಬಿದ್ದಿವೆ. ಕಣ್ಣಿಗೆ ಕಂಡಿತ್ತು, ತಲೆಗೆ ಹೋಗಿರಲಿಲ್ಲ.

ಮಗನ ಅನ್ನ. ಸುಮ್ಮನಾದೆ.

ಶುದ್ಧ ಚೌತಿ, ಮಧ್ಯಾಹ್ನ

ಬರೆದಿರಲಿಲ್ಲ. ಬಾಯಿ ಮುಚ್ಚಿದರೆ ಕೈಯೂ ಏಳುವುದಿಲ್ಲ.

ಇವತ್ತು ಬೆಳಿಗ್ಗೆ ಆ ಕಡೆಯ ರಾಟೆ ಬರಿದು. ಅಮೀರ್ಬೀಯ ಹಗ್ಗ ಯಾರೋ ಕೊಯ್ದು ಬಾವಿಗೆ ಎಸೆದಿದ್ದರು. ಖಾಲಿ ಕೊಡ ಹಿಡಿದು ನಿಂತಿದ್ದಳು. ಯಾರೂ ಮಾತಾಡಲಿಲ್ಲ. ನಾನೂ. ಅವಳು ನನ್ನ ಕಡೆ ನೋಡಿದಳಲ್ಲ — ನನ್ನ ಮಡಿ ಆ ಕ್ಷಣಕ್ಕೇ ಮೈಲಿಗೆಯಾಯಿತು.

ಮತ್ತೆ ಹಲಗೆ. ಅದೇ ಪಟ್ಟಿ, ಅದೇ ಜಪ್ತಿ.

ಆಗ ಹೊಳೆಯಿತು. ಡಂಗುರಕ್ಕೆ ಒಂದು ರೀತಿ ಇದೆ. ಮೊದಲು ಯಾರ ಮಾತು ಅಂತ ಹೇಳಬೇಕು, ಆಮೇಲೆ ಮಾತು. ಸರಕಾರದ್ದಾದರೆ ಸರಕಾರದ್ದು, ದನ ಕಳೆದಿದ್ದರೆ ದನದ ಒಡೆಯನದ್ದು. ಇವನು ಹೆಸರು ನುಂಗಿ ಮಾತು ಉಗುಳುತ್ತಿದ್ದಾನೆ!

“ಏ ಹಾಜಿಮಲಂಗಾ, ನಿಲ್ಲು. ಯಾರ ಮಾತಿದು?”

“ಸಾರೋ ಮಾತ್ರೀ ಅವ್ವಾರ.”

“ಸಾರೋ ಬಾಯಿ ನಿಂದು. ಮಾತು ಯಾರ್ದು? ಹ್ವಾದ ವರ್ಷ ನಮ್ಮ ಆಕಳ ಕಳದಾಗ ‘ಪದ್ಮಾಬಾಯಾರ ಮಾತು’ ಅಂತ ಊರೆಲ್ಲಾ ಒದರಿದ್ದಿ. ನನ್ನ ಗೊಡ್ಡ ಆಕಳಿಗಿ ಹೆಸರ ಬೇಕು, ಇಷ್ಟು ದೊಡ್ಡ ಪಟ್ಟಿಗಿ ಬ್ಯಾಡೇನು?”

ಹಲಗೆ ಜೋರಾಗಿ ಬಾರಿಸುತ್ತಾ ಮುಂದೆ ನಡೆದ. ನಾನೂ ನಡೆದೆ. ಹಣಮಂತದೇವರ ಕಟ್ಟೆಯ ಹತ್ತಿರ ನಿಂತ. “ಯಾರ ಮಾತು?” ಬಣಜಿಗರ ಓಣಿಗೆ ತಿರುಗಿದ. “ಯಾರ ಮಾತು?” ನೀರಿನ ಕೊಡ ಹೊತ್ತವರೇ ಇಬ್ಬರು ನನ್ನ ಹಿಂದೆ ಬಂದರು. ಆಮೇಲೆ ಹತ್ತು ಜನ. ಅವನು ಬಾಯಿ ತೆರೆದರೆ ಸಾಕು, ಎಲ್ಲರೂ ಒಟ್ಟಿಗೆ — “ಯಾರ ಮಾತೋ?” ಹಿಂದಿನಿಂದ ಒಂದು ಸಣ್ಣ ದನಿ, ಗುರುತಿನದು. ತಿರುಗಿ ನೋಡಲಿಲ್ಲ. ನೋಡಿದ್ದರೆ ನಾಚಿ ಓಡುತ್ತಿದ್ದಳು.

ಮಸೀದಿಯ ಮುಂದೆ ಹಲಗೆ ಕೆಳಗಿಟ್ಟ.

“ಸಾಹುಕಾರರ ಮಾತ್ರೀ! ಅಂಬಾರಾಯ ಸಾಹುಕಾರರ ಮಾತು! ರೊಕ್ಕ ಕೊಟ್ಟು ಹೆಸರ ಹೇಳಬ್ಯಾಡ ಅಂದಾರ. ನನ್ನ ಜೀವ ತಿನಬ್ಯಾಡ್ರೆವ್ವಾ!”

“ಸರಕಾರದ್ದಲ್ಲೇನು? ಹಂಗಾದ್ರ ಪಟ್ಟಿ ಅವನ ಹೆಂಡ್ತಿ ಕೊಡಕ್ಕ ಹಾಕ್ಲಿ ತೊಗೋ!” ಬಾವಿಯ ಹತ್ತಿರ ಅಮೀರ್ಬೀಗೆ ಚುಚ್ಚಿದ್ದಳಲ್ಲ, ಅವಳೇ ಹೀಗೆ ಅಂದದ್ದು. ನಕ್ಕು ನಕ್ಕು ಕೊಡಗಳ ನೀರು ಅರ್ಧ ಚೆಲ್ಲಿತು.

ಮನೆಗೆ ಬಂದು ನೋಡಿದರೆ ನಮ್ಮ ಹೊಸ ಹಗ್ಗ ಗೂಟದಲ್ಲಿಲ್ಲ. ಆ ಕಡೆಯ ರಾಟೆಗೆ ಹಾಕಿ ಬಂದಿದ್ದಾಳೆ ಭಾಮಾ. ಹೆಸರು ಬರೆದುಬಿಟ್ಟೆ. ಇರಲಿ.

ಪಂಚಮಿ, ಸಂಜೆ

ರಾಘು ಬಂದ. ಕೈಯಲ್ಲಿ ವೀಳ್ಯ. ಎಲೆಯೊಳಗೆ ಅಡಕೆಯ ಜೊತೆ ನಿಜಾಮನ ಬೆಳ್ಳಿ ರೂಪಾಯಿ.

“ಸಾಹುಕಾರರು ಮೊದಲ ವೀಳ್ಯ ನಮ್ಮ ಮನಿಗೇ ಕೊಟ್ಟಾರ. ನಾಳಿಂದ ವೋಟಿಗಂತ ಓಣಿ ತುಂಬಾ ತಾವೇ ಕೊಡ್ತಾರ. ನೀ ಬಾಯಿ ಬಿಗಿ ಹಿಡೀಬೇಕಂತ.”

ವೀಳ್ಯ ಹಿಡಿದವನು ಮಾತು ತಪ್ಪುವಂತಿಲ್ಲ. ಸುಳ್ಳು ಸೋತಿತು, ಈಗ ರೂಪಾಯಿ ಹೊರಟಿದೆ.

“ತಿರುಗಿ ಕೊಟ್ಟು ಬಾ.”

“ಕೊಟ್ರ ನೌಕರಿ ಹೋಗ್ತದವ್ವಾ.”

“ಇಟ್ಕೊಂಡ್ರ ನೀನೇ ಹೋಗ್ತಿ.”

ಕೊಡಲೂ ಇಲ್ಲ, ಬಿಡಲೂ ಇಲ್ಲ. ಗೋಡೆಯ ಗೂಡಿನಲ್ಲಿ ಇಟ್ಟು ಊಟಕ್ಕೆ ಕೂತ. ಭಾಮಾ ಅವನಿಗೆ ಬಡಿಸುವಾಗ ಸೌಟು ಸದ್ದು ಮಾಡಿತು. ಅವಳ ಮಟ್ಟಿಗೆ ಅದು ಭಾಷಣ.

ಷಷ್ಠಿ, ಮಧ್ಯಾಹ್ನ

ನಗು ತಡೆಯಲಾಗುತ್ತಿಲ್ಲ. ಆದರೂ ಬರೆಯಬೇಕು.

ಬೆಳಿಗ್ಗೆ ಸಾಹುಕಾರ ಮುಹೂರ್ತ ನೋಡಿ ಹೊರಟ. ಜರತಾರಿ ರುಮಾಲು, ಹಿಂದೆ ವೀಳ್ಯದ ಬುಟ್ಟಿ ಹೊತ್ತ ಆಳು. ರೂಪಾಯಿಯ ವಿಷಯದಲ್ಲಿ ಆಳನ್ನು ನಂಬುವವನಲ್ಲ, ತನ್ನ ಕೈಯಿಂದಲೇ ಕೊಡಬೇಕು. ಓಣಿಯ ಬಾಯಿಗೆ ಬಂದ. ಅಲ್ಲಿ ನಾನು. ಬೋಳುತಲೆ, ಕೆಂಪು ಸೀರೆಯ ವಿಧವೆ.

ಹಾವು ಕಂಡವನ ಹಾಗೆ ನಿಂತ. ಅಪಶಕುನ ಕಳೆಯಲೆಂದು ತಿರುಗಿ ಮನೆಗೆ ಹೋಗಿ ಕೂತು, ನೀರು ಕುಡಿದು ಮತ್ತೆ ಬಂದ. ಮತ್ತೆ ನಾನು. ಹಿಂದಿನ ಓಣಿಯಿಂದ ಬರುತ್ತಾನೆ ಅಂತ ಅಮೀರ್ಬೀ ಓಡಿ ಬಂದು ಹೇಳಿದಳು. ಅವಳ ಹಿತ್ತಿಲಿನಿಂದಲೇ ದಾಟಿ ಅಲ್ಲೂ ನಿಂತೆ.

“ಪದ್ಮಾಬಾಯಾರ, ಒಳಗ ಹೋಗ್ರಿ! ಶುಭಕಾರ್ಯಕ್ಕ ಹೊಂಟೀನಿ.”

“ಹೋಗ್ರಿ ಸಾಹುಕಾರ್ರ, ನಾ ಎಲ್ಲಿ ಹಿಡದೀನಿ? ವೀಳ್ಯ ಕೊಡ್ಲಿಕತ್ತೀರಂತಲ್ಲ. ನನ್ನ ಕೈಯಿಂದೇ ಸುರು ಮಾಡ್ರಿ.” ಕೈ ಚಾಚಿದೆ.

ಓಡಿದ! ಕಾಲಿನ ಜೋಡು ಒಂದು ಕಳಚಿ ಬಿತ್ತು. ಮುಹೂರ್ತ ಮೀರಿತು. ನಾಳೆಯೂ ನಿಲ್ಲುತ್ತೇನೆ, ನಾಡಿದ್ದೂ.

ಹಿಂದೆಲ್ಲ ನನ್ನ ಮುಖ ಕಂಡು ಮದುವೆಮನೆಯವರು ಬಾಗಿಲು ಹಾಕಿಕೊಂಡಿದ್ದಾರೆ. ಹಬ್ಬದ ದಿನ ನಾನೇ ಹಿತ್ತಿಲಲ್ಲಿ ಕೂತಿದ್ದೇನೆ. ಇಷ್ಟು ವರ್ಷ ಮುಚ್ಚಿಟ್ಟ ಮುಖ ಇವತ್ತು ದುಡಿಯಿತು.

ದಶಮಿ, ಸಂಜೆ

ನಿನ್ನೆಯವರೆಗೂ ಓಣಿಯ ಬಾಯಲ್ಲಿ ನಿಂತೆ, ವೀಳ್ಯದ ಬುಟ್ಟಿ ಒಳಗೆ ಬರಲಿಲ್ಲ. ಚಾವಡಿಯಲ್ಲಿ ಇವತ್ತು ಕೈ ಎತ್ತಿಸಿದರು. ಮನೆಪಟ್ಟಿ ಕಟ್ಟುವ ಗಂಡಸರಿಗೆ ಮಾತ್ರ ವೋಟು. ನಮ್ಮ ಮನೆಗೆ ರಾಘುದು. ಬೆಳಿಗ್ಗೆ ಅವನು ಹೊರಟ. ಗೂಡು ನೋಡಿದೆ. ವೀಳ್ಯ ಇರಲಿಲ್ಲ.

ಹೆಂಗಸರನ್ನು ಒಳಗೆ ಬಿಡಲಿಲ್ಲ. ಬಾವಿ ಬಯಲು ಚಾವಡಿಯ ಗೋಡೆಗೇ ಹತ್ತಿದೆ. ಅಲ್ಲಿ ಒಟ್ಟಿದ್ದ ಸಾಹುಕಾರನ ಫರಸಿಯ ಮೇಲೆಯೇ ಹತ್ತಿ ನಿಂತು ನೋಡಿದೆವು — ನಾನು, ಅಮೀರ್ಬೀ, ಭಾಮಾ.

ಸಾಹುಕಾರನ ಪಕ್ಕದಲ್ಲೇ ರಾಘು. ತಹಶೀಲದಾರರು, ಅಂಬಾರಾಯನ ಪರ ಯಾರು ಅಂದರು. ಕೈಗಳು ಎದ್ದವು. ಸುಮಾರು ಇದ್ದವು. ರಾಘು ಕೈ ಕಟ್ಟಿಕೊಂಡೇ ನಿಂತಿದ್ದ. ಸಾಹುಕಾರ ಮೊಣಕೈಯಿಂದ ತಿವಿದ. ಕೈ ಏಳಲಿಲ್ಲ.

ಗನಿಸಾಬನ ಪರ ಯಾರು?

ಕಲ್ಲಿನ ಧೂಳು ಮೆತ್ತಿದ ಬಿಳಿ ಬಿಳಿ ಕೈಗಳು ಎದ್ದವು, ಏಳುತ್ತಲೇ ಹೋದವು. ಕೊನೆಗೆ ಸಾಹುಕಾರನ ಬಗಲಿನಿಂದಲೇ ಮಸಿ ಹತ್ತಿದ ಕೈಯೊಂದು. ಮೆಲ್ಲಗೆ. ಅದರಲ್ಲಿ ಆ ವೀಳ್ಯ. ಎಲೆ ಒಣಗಿತ್ತು, ರೂಪಾಯಿ ಹಾಗೇ ಇತ್ತು. ಎಲ್ಲರೆದುರು ಅದನ್ನು ಸಾಹುಕಾರನ ಮುಂದಿಟ್ಟು ಮತ್ತೆ ಕೈ ಎತ್ತಿದ.

“ಗುಮಾಸ್ತರ, ಇದು ಯಾರ ಮಾತು? ನಿಮ್ಮವ್ವಂದೇನು?” ಸಾಹುಕಾರ ಹಲ್ಲು ಕಡಿದ.

“ನಂದ್ರೀ” ಅಂದ ನನ್ನ ಮಗ.

ಗನಿಸಾಬ ಗೆದ್ದ. ಅಮೀರ್ಬೀ ನನ್ನನ್ನು ಅಪ್ಪಿಕೊಂಡಳು. ಮಡಿ ಕೆಟ್ಟಿತು. ಬೈಯಲಿಲ್ಲ.

ಬಹುಳ ನವಮಿ, ಮಧ್ಯಾಹ್ನ

ಬಹಳ ದಿನ ಬರೆಯಲಿಲ್ಲ. ಮನೆಯಲ್ಲಿ ಗಡಿಬಿಡಿ. ಖಣಿಯ ನೌಕರಿ ಅವತ್ತೇ ಹೋಯಿತು. ಈಗ ರಾಘು ಬೆಳಗಿನ ರೈಲುಗಾಡಿ ಹತ್ತಿ ವಾಡಿ ಸ್ಟೇಶನ್ನಿಗೆ ಹೋಗುತ್ತಾನೆ, ಮಾಲು ಗೋದಾಮಿನಲ್ಲಿ ಬರೆಯುವ ಕೆಲಸ. ಪಗಾರ ಕಡಿಮೆ. ರೊಟ್ಟಿಗೆ ತುಪ್ಪವಿಲ್ಲ. ಆದರೂ ಸ್ನಾನ ಮಾಡುವಾಗ ಹಾಡು ಹೇಳುತ್ತಾನೆ, ಅಪಸ್ವರ.

ಬಯಲಿನ ಫರಸಿ ಎತ್ತಿಸಿದರು. ನಿನ್ನೆ ಹಾಜಿಮಲಂಗ್ ಬಂದು, “ಕಮಿಟಿ ಮಾತ್ರಪೋ, ಕಮಿಟಿ ಮಾತು!” ಅಂತ ಮೊದಲೇ ಕೂಗಿ, ನನ್ನ ಬಾಗಿಲು ನೋಡಿ ಸಲಾಮು ಮಾಡಿ, ಆಮೇಲೆ ಸಾರಿದ. ಬಯಲಲ್ಲಿ ಯಾರೂ ಕಲ್ಲು ಹಾಕಬಾರದಂತೆ. ಒಳ್ಳೆಯದು. ಆದರೆ ಗನಿಸಾಬ ಹೊಸ ರುಮಾಲು ಸುತ್ತಿದ್ದಾನೆ, ನಡಿಗೆ ಸ್ವಲ್ಪ ಅಗಲವಾಗಿದೆ. ಅವನನ್ನೂ ಕೇಳುವವರು ಬೇಕು.

ಭಾಮಾ, ಹೋದ ಪುಟದಲ್ಲಿ ಮತ್ತೆ ಅರಿಶಿನ ಇದೆ. ‘ನಂದ್ರೀ’ ಎಂಬಲ್ಲಿ ನೀರಿನ ಹನಿಯೂ ಬಿದ್ದಿದೆ. ಕೇಳು. ನನ್ನ ಮೊಣಕಾಲು ಇನ್ನು ಹಲಗೆಯ ಹಿಂದೆ ಓಡುವಂಥದ್ದಲ್ಲ. ನನ್ನ ಅಪಶಕುನದ ಮುಖ ನಿನಗಿಲ್ಲ, ಬರುವುದೂ ಬೇಡ. ದನಿ ಇದೆ, ಕೇಳಿದ್ದೇನೆ. ಇನ್ನು ಮುಂದೆ ಓಣಿಯ ಬಾಯಲ್ಲಿ ನಿಂತು ‘ಯಾರ ಮಾತು?’ ಅಂತ ಕೇಳುವವಳು ನೀನು ಹೌದೋ ಅಲ್ಲವೋ? ಕೆಳಗೆ ಜಾಗ ಬಿಟ್ಟಿದ್ದೇನೆ. ಪುಷ್ಯಮಾಸ ಹುಟ್ಟುವುದರೊಳಗೆ ಉತ್ತರ ಬರೆ. ‘ನೋಡ್ತೀನ್ರಿ ಅತ್ಯಾರ’ ಅಂತ ಬರೆದೀಯ, ಜೋಕೆ. ಹೂಂ ಇಲ್ಲವೇ ಉಹೂಂ. ಕೈ ತೊಳೆಯದೇ ಬರೆದರೂ ನಡೆಯುತ್ತದೆ, ಆದರೆ ಮಾತಿನ ಕೆಳಗೆ ಹೆಸರು ಮಾತ್ರ ನಿನ್ನದೇ ಇರಬೇಕು.