ಅಜ್ಜನ ಕಾರಿನ ಚಕ್ರಗಳು

ವಾಲ್ನಟ್ ಕ್ರೀಕ್ ರಸ್ತೆ, ಒಹಾಯೊ
ಅಕ್ಟೋಬರ್ ೧೧, ೧೯೮೬

ಪ್ರೀತಿಯ ಲೈಲ್,

ಹೇಗಿದ್ದೀಯಾ ಮಗೂ? ಹಲ್ಲುನೋವು ತಗ್ಗಿತೇ? ಆ ಜೈಲಿನ ವೈದ್ಯರಿಗೆ ಹಲ್ಲು ಕೀಳುವುದೊಂದೇ ಗೊತ್ತು ಎಂದು ನೀನೇ ಬರೆದಿದ್ದೆ. ಕಿತ್ತರೆ ಕೀಳಲಿ, ನೋವು ಹೋದರೆ ಸಾಕು. ಉಣ್ಣೆಯ ಕಾಲುಚೀಲ ನಿನ್ನ ಕೈ ಸೇರಿತೋ, ನಡುವೆ ಯಾರ ಕಾಲಿಗಾದರೂ ಹೋಯಿತೋ? ನಾನು ಚೆನ್ನಾಗಿದ್ದೇನೆ ಎಂದರೆ ನೀನು ನಂಬುವವನಲ್ಲ, ಆದ್ದರಿಂದ ದಣಿದಿದ್ದೇನೆ ಎಂದೇ ಬರೆಯುತ್ತೇನೆ. ಶಾಲೆಯ ಅಡುಗೆಮನೆಯಲ್ಲಿ ನಿಂತು ನಿಂತು ಮಂಡಿ ಊದಿಕೊಳ್ಳುತ್ತದೆ. ಮನೆಗೆ ಬಂದರೆ ನಿನ್ನ ಅಪ್ಪ ಕೊಟ್ಟಿಗೆಯಲ್ಲಿ. ಊಟಕ್ಕೆ ಕರೆದರೆ 'ಹ್ಞೂಂ', ಬೇಡವೆಂದರೂ 'ಹ್ಞೂಂ'. ಮೂರು ವರ್ಷದಿಂದ ಈ ಮನೆಯಲ್ಲಿ ರೇಡಿಯೊ ಮಾತ್ರ ಮಾತಾಡುತ್ತಿದೆ.

ಅಜ್ಜನ ಕಾರಿನ ವಿಷಯ ನಿನಗೆ ಬರೆಯಬಾರದು ಎಂದುಕೊಂಡಿದ್ದೆ. ಮೂರು ವರ್ಷದ ಹಿಂದೆ, ಜುಲೈ ಸ್ವಾತಂತ್ರ್ಯ ದಿನದ ಮೆರವಣಿಗೆಯ ಸಂಜೆ, ನೀನು ಕುಡಿದು ಅದನ್ನು ತೆಗೆದುಕೊಂಡು ಹೋಗಿ, ಇಳಿಜಾರಿನಲ್ಲಿ ರೂಬೆನ್ ಟ್ರೋಯರ್ ಅವರ ಕುದುರೆಗಾಡಿಗೆ ಹಿಂದಿನಿಂದ ಗುದ್ದಿದ ಮೇಲೆ ಅದರ ಹೆಸರನ್ನೇ ನಾವು ಎತ್ತಿಲ್ಲ. ಕುದುರೆ ಸತ್ತದ್ದು, ರೂಬೆನ್ ಕಾಲು ಮುರಿದದ್ದು, ಎಲ್ಲ ನಿನಗೆ ಗೊತ್ತಿರುವುದೇ, ಕೆದಕುವುದಿಲ್ಲ. ಪುಡಿಯಾದ ಮುಂದಿನ ಚಕ್ರದ ಸಮೇತ ಕಾರನ್ನು ಕೊಟ್ಟಿಗೆಗೆ ನೂಕಿ ಅಪ್ಪ ಟಾರ್ಪಾಲು ಹೊದಿಸಿದ್ದರು. ನಿನ್ನ ಹೆಸರಿನ ಮೇಲೂ ಆ ದಿನವೇ ಹೊದಿಸಿದರು ಅನ್ನು. ಈ ವಸಂತದಲ್ಲಿ, ನನಗೆ ಒಂದು ಮಾತೂ ಹೇಳದೆ, ಟಾರ್ಪಾಲು ತೆಗೆದು ಚಕ್ರಗಳನ್ನು ಬಿಚ್ಚತೊಡಗಿದರು. ಎಷ್ಟೆಂದರೂ ಹಳೇ ಕಾಲದ ಮರದ ಚಕ್ರಗಳು; ಮುರಿದದ್ದು ಒಂದೇ ಆದರೂ ಉಳಿದ ಮೂರರ ಮರ ಒಣಗಿ, ನಡುವಿನಿಂದ ಅಂಚಿಗೆ ಹಾಯುವ ಅರೆಕಾಲುಗಳೆಲ್ಲ ಮುದುಕರ ಹಲ್ಲಿನ ಹಾಗೆ ಅಲ್ಲಾಡುತ್ತಿದ್ದವು. ನೀರು ಕುಡಿದರೆ ಮರ ಊದಿ ಬಿಗಿಯಾಗುತ್ತದೆಂದು ಅವನ್ನು ಹಳ್ಳದಲ್ಲಿ ನೆನೆಹಾಕಿದರು. ಊದಿತು, ಒಣಗಿತು, ಮತ್ತೆ ಅಲ್ಲಾಡಿತು. ನನ್ನ ವರಾಂಡದ ತುಂಬ ಕೆಸರು. ನನಗೆ ಸಿಟ್ಟೂ ಬರಲಿಲ್ಲ, ಅಷ್ಟು ಸುಸ್ತು. ಹೆತ್ತ ಮಗನಿಗೆ ಒಂದು ಸಾಲು ಬರೆಯದ ಮನುಷ್ಯ ಮರದ ಚಕ್ರಕ್ಕೆ ಹೀಗೆ ಚಾಕರಿ ಮಾಡುತ್ತಾರಲ್ಲ ಎಂದುಕೊಂಡು ಕೆಸರು ಒರೆಸಿದೆ.

ಕೊನೆಗೆ ಚಕ್ರ ಕಟ್ಟುವವರ ಬಳಿಗೆ ಹೋಗಲೇಬೇಕಾಯಿತು. ಈ ಸುತ್ತಿನಲ್ಲಿ ಆ ಕೆಲಸ ಬಲ್ಲವರು, ಧರ್ಮದ ಕಟ್ಟಿನಿಂದ ಕಾರು ಬಿಟ್ಟು ಕುದುರೆಗಾಡಿಯಲ್ಲೇ ಓಡಾಡುವ ಜನರ ಪೈಕಿ, ಮಾಲನ್ ಟ್ರೋಯರ್ ಒಬ್ಬರೇ, ರೂಬೆನ್ ಅವರ ಸ್ವಂತ ಅಣ್ಣ! ಅಂಗಳದಲ್ಲಿ ಟ್ರಕ್ ನಿಲ್ಲಿಸಿದ ಅಪ್ಪ ಸ್ಟಿಯರಿಂಗ್ ಹಿಡಿದು ಕೂತೇ ಬಿಟ್ಟರು, ಇಳಿಯಲಿಲ್ಲ. ನಾನೇ ಒಳಗೆ ಹೋದೆ. ಮಾಲನ್ ಉಳಿ ಕೆಳಗಿಟ್ಟು, ಕಿಟಕಿಯಿಂದ ಟ್ರಕ್ ನೋಡಿ, ಗಡ್ಡ ಕೆರೆದುಕೊಂಡರು. 'ಯಾವ ಕಾರಿಂದು ಅಂತ ಗೊತ್ತು ವರ್ನಾ. ಓರಿನ್‌ಗೆ ಇಳಿಯೋಕೆ ಹೇಳು. ನಾಲ್ಕು ಚಕ್ರ ನಾನೊಬ್ನೇ ಎತ್ತೋಕಾಗಲ್ಲ, ನನಗೂ ಸೊಂಟ ಇದೆ.' ಅಷ್ಟೇ. ಅಪ್ಪ ಇಳಿದರು. ಒಂದು ಚಕ್ರ ಮಾತ್ರ ಹೊಸದು ಮಾಡಿ ಎಂದದ್ದಕ್ಕೆ ಮಾಲನ್ ಒಪ್ಪಲಿಲ್ಲ: 'ಮೂವರು ಮುದುಕರ ಜೊತೆ ಒಬ್ಬ ಪೈಲ್ವಾನನ್ನ ಕಟ್ಟಿದ್ರೆ ಮುದುಕರ ಗತಿ ಏನು ಓರಿನ್?' ಯಾವಾಗ ಸಿಗುತ್ತದೆ ಎಂದರೆ, 'ಮೊದಲು ಕುದುರೆಗಾಡಿ ಚಕ್ರ, ಆಮೇಲೆ ನಿಮ್ಮದು. ಕಾರಿಗೆ ಹುಲ್ಲು ಹಾಕಬೇಕಾಗಿಲ್ಲವಲ್ಲ!'

ಅಂದಿನಿಂದ ಶನಿವಾರ ಬಂತೆಂದರೆ ಅಪ್ಪ ಅಲ್ಲಿಗೆ ಹೋಗಿ ಕೈಜೋಡಿಸತೊಡಗಿದರು. ಹಿಕರಿ ಮರ ಸೀಳುವುದು, ಅರೆಕಾಲು ಹೆರೆಯುವುದು. ಮಾಲನ್ ಹೆಂಡತಿ ಮಾಡಿದ ಕೋಳಿ ನೂಡಲ್ಸ್ ಹೊಗಳುತ್ತ ಮನೆಗೆ ಬರುತ್ತಿದ್ದರು. ನನ್ನ ಅಡುಗೆಗೆ 'ಹ್ಞೂಂ', ಆಕೆಯದಕ್ಕೆ ವರ್ಣನೆ! ಒಂದು ದಿನ ನಾನೂ ಹೋಗಿ ನೋಡಿದೆ. ಅರೆಕಾಲುಗಳನ್ನು ಒಂದೊಂದಾಗಿ ಬಡಿದು ಸೇರಿಸುವುದಿಲ್ಲ ಕಣೋ. ಎಲ್ಲವನ್ನೂ ಗುಡಾರದ ಹಾಗೆ ಒಂದಕ್ಕೊಂದು ಒರಗಿಸಿ ನಿಲ್ಲಿಸಿ, ನಡುವನ್ನು ಒಮ್ಮೆಗೇ ಕೆಳಕ್ಕೆ ಒತ್ತುತ್ತಾರೆ. ಠಪ್ ಎಂದು ಕೂತರೆ ಕೂತಿತು, ಇಲ್ಲವಾದರೆ ಮತ್ತೆ ಮೊದಲಿನಿಂದ. ಅಪ್ಪ ಒತ್ತುವಾಗ ಅವರ ಕತ್ತಿನ ನರ ಉಬ್ಬಿದ್ದು ಕಂಡು ನನಗೆ ಭಯವಾಯಿತು. ಅವರಿಗೂ ವಯಸ್ಸಾಗಿದೆ, ಲೈಲ್.

ಹೋದ ಶನಿವಾರ ಚಕ್ರ ತರಲು ಹೋದಾಗ ರೂಬೆನ್ ಅಲ್ಲಿಯೇ ಇದ್ದರು, ಬೆಂಚಿನ ಮೇಲೆ, ಊರುಗೋಲು ತೊಡೆಯ ಮೇಲೆ. ಅಪ್ಪ ಟೋಪಿ ತೆಗೆದು, 'ಕಾಲು ಹೇಗಿದೆ?' ಎಂದು ಕೇಳಿದರು. ಆ ಪ್ರಶ್ನೆಗೆ ಮೂರು ವರ್ಷ ಬೇಕಾಯಿತು. ರೂಬೆನ್ ತಲೆಯೆತ್ತಿ, 'ನಾನು ಕ್ಷಮಿಸಿದೀನಿ ಓರಿನ್. ಕಾಲನ್ನ ಮಾತ್ರ ಇನ್ನೂ ಒಪ್ಪಿಸ್ತಾ ಇದೀನಿ' ಎಂದರು. ಮತ್ತೆ ಅವರೇ ಎದ್ದು ಬಂದು, ಊರುಗೋಲಿನಿಂದ ಒಂದೊಂದು ಚಕ್ರವನ್ನೂ ತಟ್ಟಿ ನೋಡಿ, 'ಓಡಿಸೋರು ಯಾರು?' ಎಂದರು. ಅಪ್ಪ 'ನಾನೇ' ಎಂದರು. 'ಹಾಗಾದ್ರೆ ಸರಿ. ಮೆಲ್ಲಗೆ ಹೋಗಿ. ರಸ್ತೇಲಿ ನಮ್ಮೋರ ಗಾಡಿಗಳಿರ್ತವೆ.' ಮನೆಗೆ ಬರುವ ದಾರಿಯುದ್ದಕ್ಕೂ ಅಪ್ಪ ಟ್ರಕ್ಕನ್ನೂ ಮೆಲ್ಲಗೇ ಓಡಿಸಿದರು.

ಇನ್ನು ನಿನ್ನ ಬಿಡುಗಡೆಯ ದಿನದ ಮಾತು. ಅಲ್ಲಿಯವರು ಬಸ್ಸಿನ ಟಿಕೆಟ್ ಕೊಡುತ್ತಾರಂತೆ. ಅದರಲ್ಲೇ ಬಂದುಬಿಡು, ಇಲ್ಲಿಯ ನಿಲ್ದಾಣದಲ್ಲಿ ನಾನಿರುತ್ತೇನೆ. ಅಷ್ಟು ದೂರ ಟ್ರಕ್ ಓಡಿಸಲು ನನ್ನ ಕಣ್ಣು ಸಾಲದು. ಅಪ್ಪನನ್ನು ಕೇಳಿ, ಇಲ್ಲವೆನ್ನಿಸಿಕೊಳ್ಳುವ ತ್ರಾಣವೂ ನನ್ನಲ್ಲಿಲ್ಲ.

ತಣ್ಣನೆಯ ನೆಲದ ಮೇಲೆ ಬರಿಗಾಲಲ್ಲಿ ನಿಲ್ಲಬೇಡ. ದೇವರು ನಿನ್ನ ತಲೆ ಕಾಯಲಿ, ಒಳಗಿರುವುದನ್ನೂ ಕಾಯಲಿ.

ನಿನ್ನ ಅಮ್ಮ,
ವರ್ನಾ

ಮರೆತೆ, ಅಲ್ಲ, ಈಗಷ್ಟೇ ಆದದ್ದು: ಲಕೋಟೆ ಅಂಟಿಸುತ್ತಿದ್ದೆ, ಅಪ್ಪ ರಸ್ತೆಯ ನಕ್ಷೆ ತಂದು ಮೇಜಿನ ಮೇಲೆ ಹರಡಿದರು. ಹೆದ್ದಾರಿ ತಪ್ಪಿಸಿ ಹೋಗುವ ದಾರಿ ಯಾವುದು ಎಂದರು. ಎಲ್ಲಿಗೆ ಎಂದೆ. 'ಇನ್ನೆಲ್ಲಿಗೆ? ಹುಡುಗನ್ನ ಕರ್ಕೊಂಡು ಬರಬೇಡ್ವಾ?' ಅಜ್ಜನ ಕಾರಿನಲ್ಲೇ ಹೋಗುವುದಂತೆ, ಬರುವಾಗ ಅದನ್ನು ರೂಬೆನ್ ಮನೆಯ ಮುಂದೆ ನಿಲ್ಲಿಸುತ್ತಾರಂತೆ. 'ಇಳಿಯೋದು ಬಿಡೋದು ಅವನಿಗೆ ಬಿಟ್ಟಿದ್ದು. ನಾನಂತೂ ನಿಲ್ಲಿಸ್ತೀನಿ' ಎಂದರು. ಬಸ್ಸು ಹತ್ತಬೇಡ ಲೈಲ್. ಏರಿನಲ್ಲಿ ಆ ಕಾರು ತೆವಳುತ್ತದೆ, ನಾವು ಬರುವುದು ತಡವಾಗುತ್ತದೆ. ಗೇಟಿನ ಹತ್ತಿರವೇ ಇರು.