ಆರು ಟರ್ಕಿಗಳಿಗೆ ಒಂದು ಬಾಟಲಿ

ಸಾನ್ ಮಾತೆಯೊ, ಪ್ವೆಬ್ಲಾ
ಗುರುವಾರ, ನವೆಂಬರ್ 19, 1987

ಪ್ರೀತಿಯ ಒತಿಲಿಯಾ ಅಕ್ಕನಿಗೆ,

ನಿನ್ನ ತಂಗಿಯ ಅಪ್ಪುಗೆ. ಮಕ್ಕಳು ಚೆನ್ನಾಗಿದ್ದಾರೆ, ನಾನು ಚೆನ್ನಾಗಿಲ್ಲ. ತಲೆ ಸಿಡಿಯುತ್ತಿದೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಭಾನುವಾರ ಅಣ್ಣ ಎಲಿಸೆಯೊ ಲಾರಿ ತರಲಿ. ಮಕ್ಕಳನ್ನು ಕರೆದುಕೊಂಡು ನಿನ್ನ ಮನೆಗೆ ಬಂದುಬಿಡುತ್ತೇನೆ. ನನ್ನ ಗಂಡ ಚೆಂಚೊ ಮತ್ತೆ ಕುಡಿದಿದ್ದಾನೆ.

ಜನವರಿಯಲ್ಲಿ ಚೆಂಚೊ ಗ್ವಾದಲೂಪೆ ಮಾತೆಯ ಮುಂದೆ ಮಂಡಿಯೂರಿ, ಒಂದು ವರ್ಷ ಸಾರಾಯಿ ಮುಟ್ಟುವುದಿಲ್ಲವೆಂದು ಆಣೆ ಮಾಡಿದ್ದು ನಿನಗೆ ಗೊತ್ತು. ಪಾದ್ರಿಗಳು ಸಹಿ ಹಾಕಿದ ಆಣೆಯ ಚೀಟಿಯನ್ನು ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದ. ಆಣೆ ಮುರಿದರೆ ಈ ಮನೆಯಲ್ಲಿ ಒಂದು ದಿನವೂ ಇರುವುದಿಲ್ಲವೆಂದು ನಾನೂ ಅಂದೇ ಹೇಳಿದ್ದೆ.

ಶನಿವಾರ ನಾದಿನಿಯ ಮದುವೆ. ಮೋಲೆ ಸಾರಿಗೆ ನಮ್ಮ ಆರು ಟರ್ಕಿ ಕೋಳಿಗಳೇ ಆಗಬೇಕು. ಮರಿಗಳಾಗಿದ್ದಾಗ ಚಳಿಗೆ ಒಲೆಯ ಪಕ್ಕ ಮಲಗಿಸಿ, ಜೋಳದ ಹಿಟ್ಟಿಗೆ ತುರಿಕೆ ಸೊಪ್ಪು ಕಲೆಸಿ ತಿನ್ನಿಸಿದವಳು ನಾನು. ಇಷ್ಟು ವರ್ಷ ಕೊಯ್ಯುತ್ತಿದ್ದವರು ಅತ್ತೆ. ಈಗ ಅವರ ಕೈ ನಡುಗುತ್ತದೆ. "ಸಾಕಿದೋಳು ನೀನೇ, ಕೊಯ್ಯೋಳೂ ನೀನೇ," ಅಂದುಬಿಟ್ಟರು. ಇವತ್ತು ಬೆಳಗ್ಗೆ ಒಂದು ಬಾಟಲಿ ಕಬ್ಬಿನ ಸಾರಾಯಿ ಕೈಗಿತ್ತು, "ಒಂದೊಂದರ ಕೊಕ್ಕಿಗೂ ಒಂದೊಂದು ಗುಟುಕು ಬಿಡು, ಮಾಂಸ ಮೆತ್ತಗಾಗ್ತದೆ. ಅಯ್ಯೋ ಪಾಪ ಅಂತ ಮಾತ್ರ ಅನ್ಬೇಡ. ಮರುಗಿದ್ರೆ ಅದು ಜೀವ ಬಿಡಲ್ಲ," ಅಂದರು.

ಸಾರಾಯಿ ಬಾಟಲಿ, ಅದೂ ಚೆಂಚೊನ ಎದುರಿಗೆ! ನನಗೆ ಆಗಲೇ ಅನುಮಾನ. ಅವನು ಬಾಟಲಿಯ ಕಡೆ ನೋಡುತ್ತಲೂ ಇರಲಿಲ್ಲ. ಬೇಕೆಂದೇ ನೋಡದ ಹಾಗಿತ್ತು. ಕಾಲು ಕಟ್ಟಿ ಬೆಣ್ಣೆಹಣ್ಣಿನ ಮರಕ್ಕೆ ನೇತುಹಾಕುವುದು ಅವನ ಕೆಲಸ, ಕತ್ತಿ ನನ್ನದು. ಮೊದಲನೆಯದು ಬೇಗ ಸಾಯಲಿಲ್ಲ ಅಕ್ಕಾ. ಅದ್ದಿದ ನೀರು ತೀರಾ ಕುದ್ದಿತ್ತು, ಪುಕ್ಕದ ಜೊತೆ ಚರ್ಮವೂ ಕಿತ್ತು ಬಂತು. ಎರಡನೆಯದರ ಪಿತ್ತ ಒಡೆದು ಕೈಯೆಲ್ಲ ಹಸಿರಾಯಿತು. ಕೊನೆಗೆ ದಣಿದು ಜೋಳದ ಗೋಣಿಗೆ ಒರಗಿದ್ದೊಂದೇ ನೆನಪು. ಎದ್ದಾಗ ಆರೂ ಶುಚಿಯಾಗಿ ತೊಟ್ಟಿಯಲ್ಲಿದ್ದವು. ಚೆಂಚೊ ಮುಗಿಸಿದ ಉಳಿದ ನಾಲ್ಕಕ್ಕೆ ಒಂದು ಗೀರೂ ಇರಲಿಲ್ಲ. ಕುಡಿದ ಕೈ ಇಷ್ಟು ನಾಜೂಕಾಗಿ ಕೆಲಸ ಮಾಡುತ್ತದೆಯೇ ಎಂದು ನಾನೂ ಯೋಚಿಸಿದೆ. ಆದರೆ ಬಾಟಲಿ ಬರಿದು. ಆರು ಹಕ್ಕಿಗೆ ಆರು ಗುಟುಕು, ಉಳಿದದ್ದು ಗಾಳಿ ಕುಡಿಯಿತೇ? ಅವನ ಹೆಗಲಿನ ಹತ್ತಿರ ಅಂಗಿ ಸಾರಾಯಿ ನಾರುತ್ತಿತ್ತು.

ಅತ್ತೆ ಬಾಟಲಿ ಎತ್ತಿ ಹಿಡಿದು, "ಯಾವ ಬೇವರ್ಸಿ ಕುಡಿದಿದ್ದು ಇದನ್ನ?" ಎಂದು ಕೂಗಿದರು. ಚೆಂಚೊ ನನ್ನ ಮುಖ ನೋಡಿ, "ನಾನೇ ಕಣವ್ವ," ಅಂದ. ಜೇಬಿನ ಚೀಟಿ ತೆಗೆದು ಮೇಜಿನ ಮೇಲಿಟ್ಟು ಹೊರಟುಹೋದ. ಇನ್ನೇನು ಸಾಕ್ಷಿ ಬೇಕು?

ನಾಳೆ ಬಸ್ಸಿನವನ ಕೈಲಿ ಈ ಪತ್ರ ಕಳಿಸುತ್ತೇನೆ. ಅಣ್ಣನಿಗೆ ತಪ್ಪದೆ ಹೇಳು.

ನಿನ್ನನ್ನೇ ನಂಬಿರುವ ತಂಗಿ,
ರುಫಿನಾ

ಮತ್ತೆ ಬರೆದದ್ದು, ಶುಕ್ರವಾರ ಬೆಳಗ್ಗೆ: ಲಾರಿ ಬೇಡ ಅಕ್ಕಾ. ನಿನಗೆ ಒಂದು ವಿಷಯ ಮುಚ್ಚಿಟ್ಟಿದ್ದೆ. ಮೊದಲನೆಯದು ಒದ್ದಾಡಿದಾಗ ತಡೆಯಲಾಗದೆ ಗೋಡೆಯ ಹಿಂದೆ ಹೋಗಿ ಎರಡು ಗುಟುಕು ನಾನೂ ಕುಡಿದಿದ್ದೆ. ಎರಡೇ ಎಂದುಕೊಂಡಿದ್ದೆ, ಮಿಕ್ಕಿದ್ದು ಅವನದೆಂದು ನಂಬಿದ್ದೆ. ಈಗ ಲಾರಿ ಬರುತ್ತದೆ ಎಂದು ನಾನು ಹೇಳಿದಾಗ ಚೆಂಚೊ ಬಾಯಿಬಿಟ್ಟ. "ಬಾಟ್ಲಿ ಕೆಳಗೇ ಇಡ್ಲಿಲ್ಲ ನೀನು. ಕೊಕ್ಕಿಗೊಂದು, ನಿನಗೆ ಎರಡು. ಆಮೇಲೆ ನನ್ನ ಹೆಗಲ ಮೇಲೆ ಬಿದ್ದು ಮರಿಗಳ ಹೆಸರು ಹಿಡಿದು ಅಳ್ತಿದ್ದೆ," ಅಂದ. ಹಾಗಾದರೆ ತಾನು ಕುಡಿದೆನೆಂದು ಯಾಕೆ ಹೇಳಿದ್ದು ಎಂದು ಕೇಳಿದೆ. "ನನ್ನನ್ನ ಕುಡುಕ ಅನ್ನೋದು ಇವರಿಗೆ ರೂಢಿ. ನಿನ್ನನ್ನ ಅಂದ್ರೆ ಸಾಯೋವರೆಗೂ ಬಿಡಲ್ಲ," ಅಂದ. ಮೇಲಿನದ್ದನ್ನು ಹರಿದುಹಾಕಬೇಕೆನ್ನಿಸಿತು, ಹರಿಯಲಿಲ್ಲ. ನಾನೆಂಥವಳೆಂದು ನಿನಗಾದರೂ ತಿಳಿದಿರಲಿ. ಅತ್ತೆ ನಿನ್ನೆಯಿಂದ ಅವನ ತಟ್ಟೆಗೆ ರೊಟ್ಟಿ ಹಾಕಿಲ್ಲ. ನಾನು ಅವರ ಪಕ್ಕದಲ್ಲೇ ನಿಂತು ಮೆಣಸಿನಕಾಯಿ ಅರೆಯುತ್ತಿದ್ದೇನೆ, ಇನ್ನೂ ಏನೂ ಹೇಳಿಲ್ಲ.