ತಂಗಿಯ ಹೊಲದ ಹಳದಿ

ಆಗಸ್ಟ್ ೨೧, ಗುರುವಾರ

ತಂಗಿಯ ಮೆಕ್ಕೆಜೋಳ ಬುಡದಿಂದ ಹಳದಿಯಾಗುತ್ತಿದೆ. ಎಲೆಯ ತುದಿಯಿಂದ ನಡುನರದುದ್ದಕ್ಕೂ ಒಳಗಿಳಿಯುವ ಹಳದಿ; ಸಾರಜನಕದ ಕೊರತೆಯೇ, ಅನುಮಾನವಿಲ್ಲ. ಅದಿಲ್ಲದೆ ಪತ್ರಹರಿತ್ತು ಹುಟ್ಟದು. ಬಿಸಿಲು ಎಷ್ಟು ಧಾರಾಳವಾಗಿ ಸುರಿದರೂ ಅದನ್ನು ಅನ್ನ ಮಾಡಿಕೊಳ್ಳುವ ಶಕ್ತಿ ಆ ಎಲೆಗಳಿಗಿಲ್ಲ. ಮೇಲಿನ ಎಳೆಯ ಎಲೆಗಳನ್ನು ಉಳಿಸಲು ಗಿಡ ಕೆಳಗಿನವನ್ನು ಬರಿದು ಮಾಡುತ್ತಿದೆ.

ಯೂರಿಯಾ ಅರ್ಧ ಸಾಕು ಎಂದವನು ನಾನು. ಗೊಬ್ಬರ ನದಿಗೆ ಸೇರಿ ಮೀನು ಸಾಯುವುದನ್ನು ಓದಿ ಕೆಂಡವಾಗಿದ್ದೆ. ಅವಳ ಮಣ್ಣು ಎಷ್ಟು ಬಡವಾಗಿದೆಯೆಂದು ಕೇಳಲೂ ಇಲ್ಲ. "ಓದಿದವನು ನೀನು, ಹೇಳಿದ್ಮೇಲೆ ಮುಗೀತು" ಎಂದು ಒಪ್ಪಿದ್ದಳು.

ಇವತ್ತು ಪಕ್ಕದ ಹೊಲದವನು ಬದುವಿನ ಮೇಲೆ ನಿಂತು ನಕ್ಕ. "ಏನಕ್ಕಾ, ನಿನ್ನ ಜೋಳಕ್ಕೆ ಕಾಮಾಲೆನಾ?"

ತಂಗಿ ನನ್ನತ್ತ ನೋಡದೆ, "ಬೀಜ ಸರಿ ಇರ್ಲಿಲ್ಲಪ್ಪ" ಎಂದಳು.

ನನ್ನ ಮಾನ ಕಾಯಲು ಆಡಿದ ಸುಳ್ಳು. ನಾನು ಬಾಯಿ ಮುಚ್ಚಿಕೊಂಡಿದ್ದರೂ ಆಗುತ್ತಿತ್ತು. ಬದಲಿಗೆ ಬೀಜದ ಕಂಪನಿಗಳ ಹಳೆಯ ಹಗರಣಗಳನ್ನೆಲ್ಲ ಎತ್ತಿ ಭಾಷಣ ಬಿಗಿದೆ. ಅವನು ತಲೆದೂಗಿದ. ಅವಳು ಒಂದು ಹಳದಿ ಎಲೆಯನ್ನು ಬೆರಳಿಗೆ ಸುತ್ತುತ್ತಾ ನಿಂತಿದ್ದಳು.

ಅವನು ಹೋದ ಮೇಲೆ ಕೇಳಿದಳು: "ಅಣ್ಣಾ, ಈಗ ಗೊಬ್ಬರ ಹಾಕಿದ್ರೆ ಹಸಿರಾಗುತ್ತಾ?"

ಗಿಡದ ತುದಿಯಲ್ಲಿ ಸೂಲಂಗಿ ಹೂ ಬಂದು ಒಣಗಿಯೂ ಆಯಿತು. ಇನ್ನು ಹಾಕಿ ಫಲವಿಲ್ಲ; ಅದನ್ನೂ ಓದಿದ್ದೇನೆ. ಆದರೂ "ಆಗುತ್ತೆ" ಎಂದುಬಿಟ್ಟೆ. ಮತ್ತೆ ನಂಬಿದಳು. ಬೆಳಿಗ್ಗೆ ಗೊಬ್ಬರ ತರಲು ಹೊರಡುತ್ತಾಳಂತೆ. ಅಷ್ಟರೊಳಗೆ ಅವಳ ಮನೆಗೆ ಹೋಗಿ, ಬಾಗಿಲಲ್ಲೇ ನಿಂತು, "ಹಸಿರಾಗಲ್ಲ, ತಪ್ಪು ನಂದೇ" ಎಂದು ಹೇಳಿಬಿಡಬೇಕು.